ಮಣಿಕಟ್ಟಿನ ಪಟ್ಟಿಗೂ ಒಂದು ಚೆಕ್‌ಬಂದಿ

ರಾಯಚೂರಿನಿಂದ ಮಾತಾಡ್ತಿದ್ದೀನಿ. ಮಾನ್ವಿ, ದೇವದುರ್ಗ ಕಡೆ ಹೊಲ ಇರೋರು ಮನೆಯ ಖರೀದಿ ಪತ್ರ ಒಮ್ಮೆ ತೆಗೆದು ನೋಡ್ರಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ ಚೆಕ್‌ಬಂದಿ ಇರ್ತದೆ. ಹಳೇ ದಾನಶಾಸನಗಳಲ್ಲೂ ಹೀಗೇ ಎಲ್ಲೆ ಕೆತ್ತಿಸಿದ್ದಾರೆ. ಪೇಟೆಂಟಿನಲ್ಲಿ ಈ ಕೆಲಸ ಮಾಡೋದು ಕ್ಲೇಮ್. ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಅರ್ಜಿಯ ವಿವರಣೆ ಕ್ಲೇಮ್‌ನಿಂದಲೇ ಮುಗಿಯಬೇಕು.

ಮೆಡಿಕಲ್ ಶಾಪಿನಲ್ಲಿ ಸಿಗೋ ಮಣಿಕಟ್ಟಿನ ಸ್ಪ್ಲಿಂಟನ್ನೇ ತಗೊಳ್ರಿ. ಮುರಿದ ಎಲುಬಿಗೆ ಮರದ ತೊಗಟೆ ಇಟ್ಟು ಕಟ್ಟೋದನ್ನ ಸುಶ್ರುತ ಸಂಹಿತೆ ಹೇಳ್ತದೆ. ನಮ್ಮ ಹಳ್ಳಿಗಳಲ್ಲಿ ಬಿದಿರಿನ ದಬ್ಬೆ ಕಟ್ತಾರೆ. ವೆಲ್ಕ್ರೋಗೆ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ 1955ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ, ಅದರ ಅವಧಿ ಎಂದೋ ಮುಗಿದಿದೆ. ಹಂಗಾದ್ರೆ ಹೊಸದೇನು?

ಒಂದು ಕ್ಲೇಮ್ ಹೀಗಿದೆ ಅಂದ್ಕೊಳ್ರಿ: ‘ಅಂಗೈ ಬದಿಗೆ ಇರುವ, ಬಗ್ಗದ, ಲೋಹದ ಪಟ್ಟಿ’. ಮಾನ್ವಿಯ ಟೇಲರ್ ಒಬ್ಬರು ಮುಂಗೈ ಮೇಲ್ಬದಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಹೊಲಿದು ಮಾರಿದ್ರೆ, ಬಹುತೇಕ ಅವರು ಈ ಹೊಲದ ಹೊರಗೇ. ‘ಲೋಹದ’, ‘ಅಂಗೈ ಬದಿಗೆ’ ಅನ್ನೋದನ್ನ ಮಾಲೀಕ ತೆಗೆದುಬಿಟ್ರೆ? ಹೊಲ ದೊಡ್ಡದಾಗ್ತದೆ, ಆದ್ರೆ ಅಜ್ಜನ ಕಾಲದ ದಬ್ಬೆನೂ ಒಳಗೆ ಬಂದುಬಿಡ್ತದೆ. ಆಗ ಕ್ಲೇಮೇ ಬೀಳ್ತದೆ. ಬಿ.ಕಾಂ. ಓದಿದ ನನಗೆ ಇದು ಬ್ಯಾಲೆನ್ಸ್ ಶೀಟಿಗಿಂತ ಮಜಾ ಅನಿಸ್ತು.

ಕೋರ್ಟಿಗೆ ಹೋದದ್ದು ಸ್ಪ್ಲಿಂಟ್ ಅಲ್ಲ, ಪಾತ್ರೆ. ಉತ್ತರ ಪ್ರದೇಶದ ಪಾತ್ರೆ ತಯಾರಕರು ಪಾತ್ರೆಯನ್ನು ಲೇತ್‌ನಲ್ಲಿ ಹಿಡಿದು ತಿರುಗಿಸುವ ಸಾಧನಕ್ಕೆ 1951ರಲ್ಲಿ ಪೇಟೆಂಟ್ ಮಾಡಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ: ಹಳೇ ವಿದ್ಯೆಗೆ ಸಣ್ಣ ಬದಲಾವಣೆ, ಅಷ್ಟೇ. ಬಿಶ್ವನಾಥ್ ಪ್ರಸಾದ್ ಪ್ರಕರಣ ಅಂತ ಕರೆಯೋ ಈ ತೀರ್ಪು ಓದುವ ಕ್ರಮವನ್ನೂ ಹೇಳ್ತು. ಮೊದಲು ವಿವರಣೆ ಓದ್ರಿ, ಆಮೇಲೆ ಕ್ಲೇಮ್.

ಎರಡು ವರ್ಷದ ನಂತರ, 1980ರಲ್ಲಿ, ಬ್ರಿಟನ್ನಿನ ಕ್ಯಾಟ್ನಿಕ್ ಪ್ರಕರಣ. ಬಾಗಿಲ ಮೇಲಿನ ಉಕ್ಕಿನ ಲಿಂಟಲ್, ಕ್ಲೇಮಿನಲ್ಲಿ ಅದರ ಒಂದು ಭಾಗ ‘ನೇರವಾಗಿ ನಿಂತಿರುವ’ ಅಂತಿತ್ತು. ಎದುರಾಳಿ ಅದನ್ನ 6–8 ಡಿಗ್ರಿ ವಾಲಿಸಿದ, ತಪ್ಪಿಸಿಕೊಂಡೆ ಅಂದ್ಕೊಂಡ. ಲಾರ್ಡ್ ಡಿಪ್ಲಾಕ್ ಬಿಡಲಿಲ್ಲ. ಕಟ್ಟಡ ಕಸುಬಿನವರಿಗೆ ಅಷ್ಟು ವಾಲಿದ್ದೂ ನೆಟ್ಟಗೇ, ಭಾರ ಅದೇ ರೀತಿ ಹೊರ್ತದೆ ಅಂದರು.

ಅದಕ್ಕೇ ‘ಬಗ್ಗದ’ ಅನ್ನೋ ಪದವನ್ನ ನಿಘಂಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಸ್ಪ್ಲಿಂಟ್ ಮಾಡೋರ ಕಣ್ಣಲ್ಲಿ, ಎರಡು ದಾರ ಬಗ್ಗಿದ್ರೂ ಮಣಿಕಟ್ಟು ಅಲುಗಾಡದಂತೆ ಹಿಡಿದಿದ್ರೆ ಅದು ಬಗ್ಗದ್ದೇನಾ? ಟೇಲರ್ ಉಳಿಯೋದು ಬಿಡೋದು ಆ ಉತ್ತರದ ಮೇಲೆ.