ಪೀಸಾ ಗೋಪುರವನ್ನು ಉಳಿಸಿದ ಮಣ್ಣಿನ ಲೆಕ್ಕಾಚಾರ

ಕಟ್ಟಡದ ಭಾರಕ್ಕೆ ಅದರ ಅಡಿಯ ಮಣ್ಣು ಕುಗ್ಗಿ ಕೆಳಗಿಳಿಯುವುದನ್ನು ಎಂಜಿನಿಯರುಗಳು ಸೆಟ್ಲ್‌ಮೆಂಟ್ ಎನ್ನುತ್ತಾರೆ. ಇಡೀ ಕಟ್ಟಡ ಸಮನಾಗಿ ಇಳಿದರೆ ಅಪಾಯ ಕಡಿಮೆ. ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಇಳಿದಾಗಲೇ ಗೋಡೆಗಳು ಬಿರುಕು ಬಿಡುತ್ತವೆ, ಕಟ್ಟಡ ವಾಲುತ್ತದೆ. ಇದನ್ನು ಮುಂಚಿತವಾಗಿ ಅಂದಾಜು ಮಾಡಲು ಬಳಕೆಯಲ್ಲಿರುವ ಪ್ರಮುಖ ಸಾಧನ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ. ಇದರ ಶಕ್ತಿ ಮತ್ತು ಮಿತಿ ಎರಡನ್ನೂ ಅರಿಯಲು ಇಟಲಿಯ ಪೀಸಾ ನಗರದ ವಾಲುಗೋಪುರ ಉತ್ತಮ ನಿದರ್ಶನ.

ಏನಿದು ವಿಧಾನ?

ನೆಲದ ಆಳದಲ್ಲಿ ಮಣ್ಣು ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಮರಳು, ಮೆಕ್ಕಲು, ಜೇಡಿಮಣ್ಣಿನ ಪದರಗಳು ಒಂದರ ಮೇಲೊಂದು ಇರುತ್ತವೆ. ಈ ವಿಧಾನದಲ್ಲಿ ನೆಲವನ್ನು ಕಂಪ್ಯೂಟರಿನಲ್ಲಿ ಬಲೆಯಂತೆ ನೂರಾರು ಸಣ್ಣ ತುಂಡುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತುಂಡಿಗೂ ಅಲ್ಲಿನ ಮಣ್ಣಿನ ಗಡಸುತನ, ಬಲ ಹಾಗೂ ನೀರು ಬಸಿಯುವ ಗುಣವನ್ನು ನೀಡಲಾಗುತ್ತದೆ. ಬಳಿಕ ಕಟ್ಟಡದ ಭಾರವನ್ನು ಹೇರಿ, ತುಂಡುಗಳು ಕೂಡುವ ಪ್ರತಿ ಬಿಂದುವೂ ಎಷ್ಟು ಸರಿಯುತ್ತದೆಂದು ಸಮೀಕರಣಗಳ ಮೂಲಕ ಕಂಡುಕೊಳ್ಳಲಾಗುತ್ತದೆ.

ಜೇಡಿಮಣ್ಣಿನಲ್ಲಿ ಕಾಲವೂ ಲೆಕ್ಕಕ್ಕೆ ಸೇರಬೇಕು. ಭಾರ ಬಿದ್ದಾಗ ಮೊದಲು ಅದರೊಳಗಿನ ನೀರಿನ ಒತ್ತಡ ಏರುತ್ತದೆ. ಆ ನೀರು ನಿಧಾನವಾಗಿ ಬಸಿದಂತೆಲ್ಲ ಮಣ್ಣು ಕುಗ್ಗಿ ಗಟ್ಟಿಯಾಗುತ್ತದೆ. ಇದಕ್ಕೆ ಹಲವು ವರ್ಷಗಳೇ ಹಿಡಿಯಬಹುದು.

ಎಂಟು ಶತಮಾನಗಳ ಮರುನಿರ್ಮಾಣ

ಸುಮಾರು 58 ಮೀಟರ್ ಎತ್ತರದ, ಸುಮಾರು 14,500 ಟನ್ ತೂಕದ ಪೀಸಾ ಗೋಪುರದ ನಿರ್ಮಾಣ 1173ರಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ನಿಂತ ಕೆಲಸ 1272ರಲ್ಲಿ ಮುಂದುವರಿದು, ಮತ್ತೆ ಸ್ಥಗಿತಗೊಂಡು, 1370ರ ಸುಮಾರಿಗೆ ಗಂಟೆಯ ಅಂತಸ್ತಿನೊಂದಿಗೆ ಮುಗಿಯಿತು. ಈ ದೀರ್ಘ ಬಿಡುವುಗಳೇ ಗೋಪುರವನ್ನು ಉಳಿಸಿದವು. ಆ ಅವಧಿಯಲ್ಲಿ ಜೇಡಿಮಣ್ಣು ಗಟ್ಟಿಯಾಗದೇ ಹೋಗಿದ್ದರೆ ಗೋಪುರ ಅಂದೇ ಉರುಳುತ್ತಿತ್ತು ಎಂಬುದು ತಜ್ಞರ ಅಭಿಪ್ರಾಯ.

1989ರಲ್ಲಿ ಇಟಲಿಯ ಪಾವಿಯಾದ ಪ್ರಾಚೀನ ಗೋಪುರವೊಂದು ಹಠಾತ್ತನೆ ಕುಸಿದು ನಾಲ್ವರು ಮೃತಪಟ್ಟರು. 1990ರ ಜನವರಿಯಲ್ಲಿ ಪೀಸಾ ಗೋಪುರಕ್ಕೆ ಸಾರ್ವಜನಿಕ ಪ್ರವೇಶ ನಿಷೇಧಿಸಲಾಯಿತು. ಆಗ ಅದು ದಕ್ಷಿಣಕ್ಕೆ ಸುಮಾರು 5.5 ಡಿಗ್ರಿ ವಾಲಿತ್ತು ಮತ್ತು ವಾಲುವಿಕೆ ಹೆಚ್ಚುತ್ತಲೇ ಇತ್ತು. ಮಿಕೇಲೆ ಯಮಿಯೋಲ್ಕೋವ್‌ಸ್ಕಿ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚನೆಯಾಯಿತು.

ಸಮಿತಿಯ ಸದಸ್ಯರಾಗಿದ್ದ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಾಧ್ಯಾಪಕ ಜಾನ್ ಬರ್ಲೆಂಡ್, ಸಹೋದ್ಯೋಗಿ ಡೇವಿಡ್ ಪಾಟ್ಸ್ ಅವರೊಂದಿಗೆ ಫೈನೈಟ್ ಎಲಿಮೆಂಟ್ ಮಾದರಿ ಸಿದ್ಧಪಡಿಸಿದರು. ಭವಿಷ್ಯ ನುಡಿಯುವ ಮುನ್ನ ಅವರು ಮಾದರಿಯನ್ನು ಗತಕಾಲದೊಂದಿಗೆ ತಾಳೆ ನೋಡಿದರು. 1173ರಿಂದ ಹಂತಹಂತವಾಗಿ, ಬಿಡುವುಗಳೂ ಸೇರಿದಂತೆ, ಗೋಪುರವನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಕಟ್ಟಲಾಯಿತು. ಇತಿಹಾಸದಲ್ಲಿ ಕಂಡಂತೆಯೇ ಮಾದರಿಯಲ್ಲೂ ಗೋಪುರ ವಾಲಿತು.

ಎಲ್ಲಿ ಅಗೆಯಬೇಕು?

1993ರಲ್ಲಿ ಉತ್ತರ ಬದಿಯ ಬುಡದ ಮೇಲೆ ಸುಮಾರು 600 ಟನ್ ಸೀಸದ ಗಟ್ಟಿಗಳನ್ನು ಇರಿಸಲಾಯಿತು. ವಾಲುವಿಕೆ ತುಸು ತಗ್ಗಿತು. ಆದರೆ ಅದು ತಾತ್ಕಾಲಿಕ ಕ್ರಮವಷ್ಟೇ. 1995ರಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ಕೈಗೊಂಡ ಕಾಮಗಾರಿಯ ವೇಳೆ ಗೋಪುರ ದಕ್ಷಿಣಕ್ಕೆ ಸರಿಯತೊಡಗಿತು. ತುರ್ತಾಗಿ ಸೀಸದ ಭಾರವನ್ನು ಸುಮಾರು 900 ಟನ್ನಿಗೆ ಏರಿಸಬೇಕಾಯಿತು.

ಉಳಿದಿದ್ದು ಮಣ್ಣು ತೆಗೆಯುವ ಉಪಾಯ. ಉತ್ತರ ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪ ಮಣ್ಣು ಹೊರತೆಗೆದರೆ ಆ ಬದಿ ಇಳಿದು ಗೋಪುರ ಹಿಂದಕ್ಕೆ ಬರುತ್ತದೆ ಎಂಬುದು ಇದರ ತತ್ತ್ವ. ಫೆರ್ನಾಂದೊ ಟೆರಾಚಿನಾ 1962ರಲ್ಲೇ ಇದನ್ನು ಸೂಚಿಸಿದ್ದರು. ಉರುಳುವ ಅಂಚಿನಲ್ಲಿರುವ ಗೋಪುರದ ಅಡಿ ಅಗೆಯುವುದು ಸುರಕ್ಷಿತವೇ ಎಂಬ ಪ್ರಶ್ನೆಗೆ ಮಾದರಿ ಖಚಿತ ಉತ್ತರ ನೀಡಿತು. ಅಡಿಪಾಯದ ಕೆಳಗೆ ಒಂದು ನಿರ್ಣಾಯಕ ರೇಖೆಯಿದೆ. ಅದರ ಉತ್ತರಕ್ಕೆ ತೆಗೆದರೆ ವಾಲುವಿಕೆ ಕಡಿಮೆಯಾಗುತ್ತದೆ, ದಕ್ಷಿಣಕ್ಕೆ ದಾಟಿದರೆ ಹೆಚ್ಚುತ್ತದೆ.

ಸಮಿತಿ ಕೇವಲ ಈ ಲೆಕ್ಕವನ್ನು ನೆಚ್ಚಿಕೊಳ್ಳಲಿಲ್ಲ. ಸಮೀಪದಲ್ಲೇ 7 ಮೀಟರ್ ವ್ಯಾಸದ ಪ್ರಾಯೋಗಿಕ ಅಡಿಪಾಯ ಕಟ್ಟಿ, ಅದರಡಿಯಿಂದ ಮಣ್ಣು ತೆಗೆದು ಫಲಿತಾಂಶ ಪರಿಶೀಲಿಸಿತು. ನಿರ್ಣಾಯಕ ರೇಖೆ ಅಲ್ಲೂ ದೃಢಪಟ್ಟಿತು.

ಫಲಿತಾಂಶ

1999ರಲ್ಲಿ ಗೋಪುರದ ಅಡಿಯಲ್ಲೇ ಕೆಲಸ ಆರಂಭವಾಯಿತು. ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ 2001ರ ವೇಳೆಗೆ ಒಟ್ಟು ಸುಮಾರು 38 ಘನ ಮೀಟರ್ ಮಣ್ಣು ತೆಗೆಯಲಾಯಿತು. ಪ್ರತಿ ಹಂತದಲ್ಲೂ ಗೋಪುರದ ಚಲನೆಯನ್ನು ಅಳೆದ ಬಳಿಕವೇ ಮುಂದಿನ ಹೆಜ್ಜೆ ನಿರ್ಧಾರವಾಗುತ್ತಿತ್ತು. ಅಂತಿಮವಾಗಿ ವಾಲುವಿಕೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ಸೀಸದ ಗಟ್ಟಿಗಳನ್ನೂ ತೆಗೆಯಲಾಯಿತು. 2001ರ ಡಿಸೆಂಬರಿನಲ್ಲಿ ಗೋಪುರ ಪ್ರವಾಸಿಗರಿಗೆ ಮತ್ತೆ ತೆರೆಯಿತು.

ಎರಡು ಆಯಾಮಗಳಲ್ಲಿ ಸರಳಗೊಳಿಸಿದ ಮಾದರಿಗೆ ಮಿತಿಗಳಿದ್ದವು. ಮಣ್ಣಿನ ಪರೀಕ್ಷೆಯ ಅಂಕಿಅಂಶ ತಪ್ಪಿದರೆ ಇಂಥ ಯಾವ ಲೆಕ್ಕವೂ ತಪ್ಪುತ್ತದೆ. ಆದ್ದರಿಂದಲೇ ಹಳೆಯ ದಾಖಲೆಯೊಂದಿಗೆ ತಾಳೆ, ಸ್ಥಳದಲ್ಲಿ ಪ್ರಯೋಗ, ಕಾಮಗಾರಿಯುದ್ದಕ್ಕೂ ಅಳತೆ ಎಂಬ ಮೂರು ಕ್ರಮಗಳನ್ನು ಪೀಸಾದಲ್ಲಿ ಅನುಸರಿಸಲಾಯಿತು. ಗೋಪುರದ ಚಲನೆ ನಿಂತಿದೆ ಎಂದು ತಜ್ಞರು 2008ರಲ್ಲಿ ಪ್ರಕಟಿಸಿದರು.