ಮೊದಲು ಸಂಪರ್ಕ ಬಂತು, ಆಮೇಲೆ ಕಂಪನಿ

ಮೊನ್ನೆ ಎಂಟನೇ ತರಗತಿಯಲ್ಲಿ ಕೈಗಾರಿಕೆಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, “ಮಾಷ್ಟ್ರೇ, ಕಂಪ್ಯೂಟರ್ ಕಂಪನಿಗಳೆಲ್ಲ ಬೆಂಗಳೂರಿನಲ್ಲೇ ಯಾಕೆ? ಅಲ್ಲಿಯವರು ನಮಗಿಂತ ಬುದ್ಧಿವಂತರೋ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಗುವ ಪ್ರಶ್ನೆಯಲ್ಲ ಅದು. ಉತ್ತರ ಬುದ್ಧಿಯಲ್ಲಿಲ್ಲ, ಚರಿತ್ರೆಯಲ್ಲಿದೆ.

ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯೂ ದೊಡ್ಡ ಸರಕಾರಿ ಕಾರ್ಖಾನೆಗಳೂ ಮೊದಲೇ ಇದ್ದವು. ಆದರೆ ಸಾಫ್ಟ್‌ವೇರ್ ಎಂಬ ಸರಕನ್ನು ಲಾರಿಯಲ್ಲಿ ಕಳುಹಿಸಲಾಗದು, ಅದಕ್ಕೆ ಸಂಪರ್ಕ ಬೇಕು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು, ತನ್ನದೇ ಉಪಗ್ರಹ ಸಂಪರ್ಕ ಪಡೆಯಿತು. ಅದರ ದೊಡ್ಡ ತಟ್ಟೆ ಎತ್ತಿನ ಗಾಡಿಯಲ್ಲಿ ಬಂತೆಂದು ಹಳಬರು ಈಗಲೂ ಹೇಳುತ್ತಾರೆ. ಅಷ್ಟು ಖರ್ಚು ಸಣ್ಣವರಿಂದ ಸಾಧ್ಯವಿರಲಿಲ್ಲ. 1991ರಲ್ಲಿ ಕೇಂದ್ರ ಸರಕಾರ ಎಸ್‌ಟಿಪಿಐ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಭೂಕೇಂದ್ರದಿಂದ ಸಣ್ಣ ಕಂಪನಿಗಳಿಗೂ ಬಾಡಿಗೆಗೆ ಸಂಪರ್ಕ ಸಿಕ್ಕಿತು.

ಒಂದು ಮಾತನ್ನು ಗಮನಿಸಬೇಕು. ಆ ಸಂಪರ್ಕ ರಫ್ತು ಮಾಡುವವರಿಗೆ ಮಾತ್ರ. ಹಾಗಾಗಿ ಅಂದಿನ ಕಂಪನಿಗಳು ಹೊರದೇಶದ ಬ್ಯಾಂಕು, ವಿಮಾನ ಸಂಸ್ಥೆಗಳ ಕೆಲಸ ಮಾಡಿದವು. ನಮ್ಮ ಊರಿನ ಜನರ ಕಷ್ಟ ನೋಡಲು ಅವಕ್ಕೆ ದಾರಿಯೇ ಇರಲಿಲ್ಲ, ಏಕೆಂದರೆ ಆ ಜನರ ಬಳಿ ಅಂತರ್ಜಾಲ ಇರಲಿಲ್ಲ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ಕೊಟ್ಟಿತು. ವ್ಯಕ್ತಿಗಳಿಗೆ 250 ಗಂಟೆಗೆ 5,000 ರೂಪಾಯಿ, ಫೋನ್ ಬಿಲ್ಲು ಬೇರೆ. 1998ರಲ್ಲಿ ಖಾಸಗಿಯವರಿಗೂ ಅನುಮತಿ ದೊರೆಯಿತು. ಪೇಟೆ ಪೇಟೆಗಳಲ್ಲಿ ಸೈಬರ್ ಕೆಫೆಗಳು ಬಂದವು. ಗಂಟೆಗಿಷ್ಟು ಎಂದು ಕೊಟ್ಟು ಪರೀಕ್ಷೆಯ ಫಲಿತಾಂಶ ನೋಡಿದ್ದು ನಮ್ಮ ಪ್ರಾಯದವರಿಗೆಲ್ಲ ನೆನಪಿದೆ.

ಆಮೇಲೆ ಹುಟ್ಟಿದ ಕಂಪನಿಗಳ ಜಾತಿಯೇ ಬೇರೆ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಸೀಟು ಸಿಗದೆ ಬೆಂಗಳೂರಿನಲ್ಲೇ ಉಳಿದವರು ಫಣೀಂದ್ರ ಸಾಮ. ಅವರು ಕೆಲಸ ಮಾಡುತ್ತಿದ್ದದ್ದು ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ! 2006ರಲ್ಲಿ ಗೆಳೆಯರೊಡನೆ ರೆಡ್‌ಬಸ್ ಆರಂಭಿಸಿದರು. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಶುರುಮಾಡಿತು. ಹೆಚ್ಚಿನವರ ಬಳಿ ಕಾರ್ಡ್ ಇಲ್ಲವೆಂದು, 2010ರಲ್ಲಿ ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಕ್ರಮ ತಂದಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಮೊಬೈಲ್ ಡೇಟಾದ ಬೆಲೆ ಕುಸಿಯಿತು. ಈಗ ಬೀದಿಬದಿಯ ತರಕಾರಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ.

ಈ ಚರಿತ್ರೆಯಿಂದ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೆ. ಸಂಪರ್ಕ ಯಾರ ಮನೆವರೆಗೆ ಬರುತ್ತದೋ ಅವರ ಕಷ್ಟಕ್ಕೆ ಕಂಪನಿ ಹುಟ್ಟುತ್ತದೆ. ಅದು ರಫ್ತುದಾರನವರೆಗೆ ಬಂದಾಗ ರಫ್ತು ಬೆಳೆಯಿತು, ಬಸ್ ಪ್ರಯಾಣಿಕನವರೆಗೆ ಬಂದಾಗ ಟಿಕೆಟಿನ ವ್ಯವಸ್ಥೆ ಹುಟ್ಟಿತು.

ನಮ್ಮ ಕೇರಳದಲ್ಲೂ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅಕ್ಷಯ ಕೇಂದ್ರಗಳು ಆರಂಭವಾದವು. 2023ರಲ್ಲಿ ಸರಕಾರದ್ದೇ ಆದ ಕೆಫೋನ್ ಜಾಲ ಉದ್ಘಾಟನೆಯಾಯಿತು. ಕಾಸರಗೋಡಿನ ಹುಡುಗನಿಗೆ ಸಂಪರ್ಕದ ಕೊರತೆ ಮೊದಲಿನಷ್ಟಿಲ್ಲ. ಆದರೆ ಅರ್ಜಿ ನಮೂನೆ ಕನ್ನಡದಲ್ಲಿ ಸಿಗದೆ ಅಲೆಯುವ ಅಜ್ಜಿ, ಅಡಿಕೆಯ ಇಂದಿನ ಧಾರಣೆ ಕೇಳಲು ಪೇಟೆಗೆ ಹೋಗುವ ಅಪ್ಪ ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಕಷ್ಟ ಬೆಂಗಳೂರಿನವರಿಗೆ ಕಾಣುವುದಿಲ್ಲ.

ಆ ಹುಡುಗನಿಗೆ ಒಂದು ಮನೆಗೆಲಸ ಕೊಟ್ಟೆ: ನಿನ್ನ ಮನೆಯವರು ಯಾವ ಕೆಲಸಕ್ಕೆ ಎರಡು ಸಲ ಅಲೆದರು, ಬರೆದುಕೊಂಡು ಬಾ. ಮರುದಿನ ಎರಡು ಪುಟ ತಂದಿದ್ದ.