ಹೈಡ್ರೋಜನ್ ಬಂಧ: ಮೂರು ಧಾತುಗಳ ಬೇಲಿಯಾಚೆ

ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಇದ್ದರೆ ಮಾತ್ರ ಹೈಡ್ರೋಜನ್ ಬಂಧ ಎಂದು ನಮ್ಮ ಪಿಯುಸಿ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ 2011ರಲ್ಲೇ ಈ ಬೇಲಿ ಕಿತ್ತಿತು. ಹೊಸ ವ್ಯಾಖ್ಯೆ ರೂಪಿಸಿದ ತಂಡವನ್ನು ಮುನ್ನಡೆಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಬೆಂಗಳೂರಿನ ಕೆಲಸ ಬೆಂಗಳೂರಿನ ತರಗತಿಗಳಿಗೇ ತಲುಪಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಿಂದಿನ ಕಥೆ ಬಹುಮಂದಿಗೆ ಗೊತ್ತಿರುವುದೇ. ಅಣುಗಳು ಪರಸ್ಪರ ಸೆಳೆಯುತ್ತವೆಂಬುದನ್ನು ವಾನ್ ಡರ್ ವಾಲ್ಸ್ 1873ರಲ್ಲೇ ಲೆಕ್ಕಕ್ಕೆ ತಂದರು. 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ನೀರಿನ ಗುಣಗಳನ್ನು ಹೈಡ್ರೋಜನ್ ಬಂಧದಿಂದ ವಿವರಿಸಿದರು. 1930ರಲ್ಲಿ ಲಂಡನ್, ಧ್ರುವೀಯವಲ್ಲದ ಅಣುಗಳ ನಡುವಿನ ಸೆಳೆತಕ್ಕೆ ಕ್ವಾಂಟಂ ವಿವರಣೆ ಕೊಟ್ಟರು. 1939ರ ಪಾಲಿಂಗ್ ಪುಸ್ತಕ ಎಲ್ಲವನ್ನೂ ಒಂದು ಚೌಕಟ್ಟಿಗೆ ತಂದಿತು. ಆ ಚೌಕಟ್ಟೇ ಮುಂದೆ ಗೋಡೆಯಾಯಿತು.

1962ರಲ್ಲಿ ಜೂನ್ ಸೂಟರ್, ಕೆಫೀನ್ ಮುಂತಾದ ಹರಳುಗಳಲ್ಲಿ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಕೂಡ ಆಕ್ಸಿಜನ್‌ನತ್ತ ವಾಲುತ್ತದೆ ಎಂದು ತೋರಿಸಿದರು. 1968ರಲ್ಲಿ ಜೆರ್ರಿ ಡೊನೊಹ್ಯೂ ಅದನ್ನು ತಳ್ಳಿಹಾಕಿದರು. ಡಿಎನ್‌ಎ ರಚನೆಯ ಹುಡುಕಾಟದಲ್ಲಿ ವಾಟ್ಸನ್‌ಗೆ ಪ್ರತ್ಯಾಮ್ಲಗಳ ಸರಿಯಾದ ರೂಪ ತಿಳಿಸಿದ್ದವರು ಇವರೇ. ಅವರ ಮಾತಿಗೆ ತೂಕವಿತ್ತು. ಸೂಟರ್ ಅವರ ಮಾತು ಹೆಚ್ಚೂಕಡಿಮೆ ಎರಡು ದಶಕ ಮೂಲೆಗೆ ಬಿತ್ತು. ಅದು ಅನ್ಯಾಯವೇ.

ತೊಡಕು ಅಳತೆಯಲ್ಲೂ ಇತ್ತು. ಎಕ್ಸ್-ಕಿರಣಗಳಿಗೆ ಕಾಣುವುದು ಎಲೆಕ್ಟ್ರಾನ್. ಹೈಡ್ರೋಜನ್‌ಗೆ ಇರುವುದು ಒಂದೇ, ಅದೂ ಬಂಧದ ಕಡೆಗೆ ಸರಿದಿರುತ್ತದೆ. ಹಾಗಾಗಿ ಸುಮಾರು 1.08 ಆಂಗ್‌ಸ್ಟ್ರಾಂ ಉದ್ದದ ಇಂಗಾಲ–ಹೈಡ್ರೋಜನ್ ಬಂಧ 0.95 ಎಂದು ಕಾಣುತ್ತದೆ. ನ್ಯೂಟ್ರಾನ್‌ಗಳಿಗೆ ಕಾಣುವುದು ನ್ಯೂಕ್ಲಿಯಸ್. ಟೇಲರ್ ಮತ್ತು ಕೆನಾರ್ಡ್ 1982ರಲ್ಲಿ 113 ಹರಳುಗಳ ನ್ಯೂಟ್ರಾನ್ ದತ್ತಾಂಶ ಜೋಡಿಸಿದಾಗ ಸೂಟರ್ ಹೇಳಿದ್ದು ನಿಜವೆಂದಾಯಿತು.

ನಮ್ಮ ತಲೆಮಾರು ಕಣ್ಣುಬಿಟ್ಟಿದ್ದು ಅಲ್ಲಿಂದ. ಆಗ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದ, ಮುಂದೆ ಬೆಂಗಳೂರಿಗೆ ಬಂದ ಗೌತಮ್ ದೇಸಿರಾಜು, 1989ರ ತಮ್ಮ ಪುಸ್ತಕದಲ್ಲಿ ಹರಳನ್ನು ಬೇಕಾದಂತೆ ಕಟ್ಟುವ ವಿದ್ಯೆಗೆ ಅಡಿಪಾಯ ಹಾಕಿದರು. ಇಂಗಾಲಕ್ಕೆ ಅಂಟಿದ ಹೈಡ್ರೋಜನ್‌ನ ಇಂಥ ದುರ್ಬಲ ಬಂಧ ಒಂದೊಂದಾಗಿ ಲೆಕ್ಕಕ್ಕಿಲ್ಲ. ನೂರಾರು ಸೇರಿದರೆ ಅಣುಗಳ ಜೋಡಣೆಯನ್ನೇ ತಿರುಗಿಸಬಲ್ಲವು. ಔಷಧ ಕಂಪನಿಗಳು ಇದನ್ನು ಕಷ್ಟಪಟ್ಟು ಕಲಿತವು. ಎಚ್‌ಐವಿ ಔಷಧ ರಿಟೊನಾವಿರ್ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದೇ ಅಣು, ಬೇರೆ ಬಗೆಯ ಹೈಡ್ರೋಜನ್ ಬಂಧಗಳಿಂದ, ಸುಲಭವಾಗಿ ಕರಗದ ಹೊಸ ಹರಳಾಗಿ ಕಾಣಿಸಿಕೊಂಡಿತು, ಕ್ಯಾಪ್ಸೂಲನ್ನೇ ಹಿಂತೆಗೆಯಬೇಕಾಯಿತು.

ನನ್ನ ದೃಷ್ಟಿಯಲ್ಲಿ ಅತಿ ಸೊಗಸಾದ ಕೆಲಸ ಹೈಡ್ರೋಜನ್ ಸಲ್ಫೈಡ್‌ನದು. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ನಾಲ್ಕು ನೆರೆ, ಘನ ಹೈಡ್ರೋಜನ್ ಸಲ್ಫೈಡ್‌ನಲ್ಲಿ ಹನ್ನೆರಡು. ಆದ್ದರಿಂದ ಅಲ್ಲಿ ಹೈಡ್ರೋಜನ್ ಬಂಧವಿಲ್ಲ ಎಂಬುದು ಪಾಲಿಂಗ್ ವಾದ. ಅನಿಲವನ್ನು ಸಣ್ಣ ರಂಧ್ರದಿಂದ ನಿರ್ವಾತಕ್ಕೆ ಚಿಮ್ಮಿಸಿ, ತೀರಾ ತಣ್ಣಗಾದ ಅಣುಜೋಡಿಯ ತಿರುಗಾಟವನ್ನು ಮೈಕ್ರೋವೇವ್‌ನಿಂದ ಅಳೆದು, ಅರುಣನ್ ಮತ್ತು ಸಂಗಡಿಗರು 2018ರಲ್ಲಿ ಉತ್ತರ ಕೊಟ್ಟರು: ಆ ಜೋಡಿಯನ್ನು ಹಿಡಿದಿರುವುದು ಹೈಡ್ರೋಜನ್ ಬಂಧವೇ.

ಈಗ ಇನ್ನೊಂದು ಅತಿರೇಕ. ತಂತ್ರಾಂಶ ಎರಡು ಪರಮಾಣುಗಳ ನಡುವೆ ಚುಕ್ಕೆಗೆರೆ ಎಳೆದರೆ ಸಾಕು, ಪ್ರಬಂಧಗಳಲ್ಲಿ ಅದು ಬಂಧವೆನಿಸಿಕೊಳ್ಳುತ್ತದೆ. 2011ರ ವ್ಯಾಖ್ಯೆ ಧಾತುಗಳ ಪಟ್ಟಿ ಬಿಟ್ಟದ್ದು ನಿಜ, ಆದರೆ ಬಂಧವಾಗಿದೆ ಎಂಬುದಕ್ಕೆ ಪುರಾವೆ ಕೇಳಿತು. ಅಂಥ ಪುರಾವೆಗೆ ಮಾದರಿ ನಮ್ಮಲ್ಲೇ ಇತ್ತು: ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಆರ್. ಚಿದಂಬರಂ ಮತ್ತು ಸಂಗಡಿಗರು ಅಮೈನೋ ಆಮ್ಲಗಳ ಹೈಡ್ರೋಜನ್‌ಗಳನ್ನು ನ್ಯೂಟ್ರಾನ್‌ನಿಂದ ಒಂದೊಂದಾಗಿ ಗುರುತಿಸಿದ್ದರು. ಆ ಕೆಲಸ ಇಂದಿನ ಸಮೀಕ್ಷೆಗಳಲ್ಲಿ ಅಪರೂಪಕ್ಕೆ ಕಾಣುತ್ತದೆ. ಅಂಥ ಅಳತೆಗೆ ಕೂರುವ ವಿದ್ಯಾರ್ಥಿಗಳು ಇನ್ನೂ ಅಪರೂಪ.